ಮೇಜು ಕುಟ್ಟಿದವರಿಗೆ ಟೀ ಇಲ್ಲ

ನನಗೆ ಚೀನೀ ಭಾಷೆ ಬರುತ್ತದೆ ಎನ್ನುವುದು ನಮ್ಮ ಮನೆಯಲ್ಲಿ ಬಹಳ ಕಾಲ ಒಂದು ತಮಾಷೆಯ ವಿಷಯವಾಗಿತ್ತು. ಎಂ.ಎ. ಮುಗಿದ ಮೇಲೆ ಮೈಸೂರಿನಲ್ಲಿ ಸಂಜೆ ತರಗತಿಗೆ ಹೋಗಿ ಡಿಪ್ಲೊಮಾ ಮಾಡಿದೆ. ಆಮೇಲೆ ವಿದ್ಯಾರ್ಥಿವೇತನ ಸಿಕ್ಕಿ ದಕ್ಷಿಣ ಚೀನಾದ ಒಂದು ದೊಡ್ಡ ಊರಿನಲ್ಲಿ ಒಂದು ವರ್ಷ ಇದ್ದು ಬಂದೆ. ವಾಪಸು ಬಂದಾಗ ನಮ್ಮಮ್ಮ ನಮ್ಮೂರು ಮಿರ್ಲೆಯಲ್ಲಿ ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳುತ್ತಿದ್ದದ್ದು ಒಂದೇ ಮಾತು: “ಒಂದು ವರ್ಸ ಮುದ್ದೆ ಇಲ್ದೆ ಬದುಕಿ ಬಂದವ್ಳೆ ಕಣವ್ವ.” ನಾನು ಅಲ್ಲಿ ಏನು ಕಲಿತೆ ಎಂದು ಅವಳೂ ಹೇಳಲಿಲ್ಲ, ಬಂದವರೂ ಕೇಳಲಿಲ್ಲ.

ಆಮೇಲೆ ನನಗೆ ಇತಿಹಾಸದ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಎಚ್.ಡಿ. ಕೋಟೆಯಲ್ಲಿ ಕೆಲವು ವರ್ಷ, ಹುಣಸೂರಿನಲ್ಲಿ ಕೆಲವು ವರ್ಷ, ಈಗ ಮೂರು ವರ್ಷದಿಂದ ಪಿರಿಯಾಪಟ್ಟಣದಲ್ಲಿ. ಕದಂಬರು, ಗಂಗರು, ಹೊಯ್ಸಳರು ಎಂದು ಪಾಠ ಮಾಡುತ್ತಾ ಇಪ್ಪತ್ತು ವರ್ಷಕ್ಕೂ ಮೇಲೆ ಕಳೆದವು. ಈ ಕಡೆಯಲ್ಲಿ ಚೀನೀ ಮಾತಾಡಲು ಒಂದು ನರಪಿಳ್ಳೆ ಇರಲಿಲ್ಲ. ಮರೆತುಹೋಗಬಾರದೆಂದು ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿಗಳನ್ನು ಚೀನಿಯಲ್ಲಿ ಎಣಿಸುತ್ತಿದ್ದೆ. ಬೇಳೆಗೆ ಮೂರು ಸೀಟಿ ಸಾಕು, ಹುರುಳಿಗೆ ಆರು ಬೇಕು. ಹೀಗಾಗಿ ನನ್ನ ಚೀನೀ ಹೆಚ್ಚು ಕಡಿಮೆ ಆರರವರೆಗೆ ಗಟ್ಟಿಯಾಗಿ ಉಳಿದಿತ್ತು.

ಹೋದ ವರ್ಷ ಕಾಲೇಜುಗಳಲ್ಲಿ ಸರ್ಟಿಫಿಕೇಟ್ ಕೋರ್ಸು ನಡೆಸಬಹುದು ಎಂದು ಸುತ್ತೋಲೆ ಬಂತು. ಎಲ್ಲರೂ ಟ್ಯಾಲಿ, ಬ್ಯೂಟೀಷಿಯನ್, ಸ್ಪೋಕನ್ ಇಂಗ್ಲಿಷ್ ಎಂದು ಬರೆದುಕೊಟ್ಟರು. ನಾನು ‘ಚೀನೀ ಭಾಷೆ, ಸಂಸ್ಕೃತಿ ಮತ್ತು ಸಮಾಜ: ಒಂದು ಪರಿಚಯ’ ಎಂದು ಬರೆದುಕೊಟ್ಟೆ. ಪ್ರಿನ್ಸಿಪಾಲರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದರು.

“ಮೇಡಂ, ಪಿರಿಯಾಪಟ್ಟಣದಲ್ಲಾ?”

“ಪಿರಿಯಾಪಟ್ಟಣದಲ್ಲೇ ಸಾರ್.”

ಒಳ್ಳೆಯ ಮನುಷ್ಯ, ಬೇಡ ಎನ್ನಲಿಲ್ಲ. ಆದರೆ ಒಂದು ಷರತ್ತು ಹಾಕಿದರು. ವರ್ಷದ ಕೊನೆಗೆ ಹದಿನೈದು ಜನ ಪರೀಕ್ಷೆಗೆ ಕೂತರೆ ಕೋರ್ಸು ಮುಂದುವರಿಯುತ್ತದೆ. ಹದಿನಾಲ್ಕಾದರೂ ನಿಲ್ಲುತ್ತದೆ. ನಿಂತರೆ ತರಗತಿಗೆ ಕೊಟ್ಟ ಕೋಣೆ ಆಟದ ಸಾಮಾನು ಇಡುವುದಕ್ಕೆ ಹೋಗುತ್ತದೆ. ಈ ಷರತ್ತು ದೈಹಿಕ ಶಿಕ್ಷಣದ ಮೇಷ್ಟ್ರ ಕಿವಿಗೆ ಹೇಗೆ ಬಿತ್ತೋ ಗೊತ್ತಿಲ್ಲ, ಅವರು ಮಾರನೇ ದಿನವೇ ಟೇಪು ಹಿಡಿದುಕೊಂಡು ಬಂದು ನನ್ನ ಕೋಣೆಯ ಉದ್ದ ಅಗಲ ಅಳೆದರು. ನಾನು ಬೋರ್ಡಿನ ಮುಂದೆ ನಿಂತಿದ್ದರೂ ಸಂಕೋಚಪಡದೆ ನನ್ನ ಕಾಲಿನ ಪಕ್ಕದಲ್ಲೇ ಟೇಪು ಎಳೆದರು.

ಮೊದಲ ದಿನ ಇಪ್ಪತ್ತೆರಡು ಜನ ಬಂದರು. ಚೀನಾ ಬಗ್ಗೆ ನಿಮಗೆ ಏನು ಗೊತ್ತು ಎಂದು ಕೇಳಿದೆ. ಮೊಬೈಲು ಎಂದರು, ಕೊರೊನಾ ಎಂದರು, ದೊಡ್ಡ ಗೋಡೆ ಎಂದರು. ಹಿಂದಿನ ಬೆಂಚಿನಿಂದ ಒಬ್ಬ, ಬಹಳ ಗಂಭೀರವಾಗಿ, ಗೋಬಿ ಮಂಚೂರಿ ಎಂದ. ಒಂದು ವರ್ಷ ಅಲ್ಲಿದ್ದೆ, ಗೋಬಿ ಮಂಚೂರಿ ಎಲ್ಲೂ ನೋಡಲಿಲ್ಲ, ಅದು ನಮ್ಮವರೇ ಮಾಡಿಕೊಂಡದ್ದು ಎಂದೆ. ಅವನ ಮುಖ ಬಾಡಿತು. ಮುಂದಿನ ತರಗತಿಗೆ ಅವನೂ ಬರಲಿಲ್ಲ, ಅವನ ಗೆಳೆಯನೂ ಬರಲಿಲ್ಲ. ಸತ್ಯ ಹೇಳಿದ್ದಕ್ಕೆ ಎರಡು ತಲೆ ಕಳೆದುಕೊಂಡೆ.

ಉಳಿದವರನ್ನು ಹಿಡಿದಿಟ್ಟದ್ದು ನೆಂಟಸ್ತಿಕೆ. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ. ಮಕ್ಕಳು ಇಂಗ್ಲಿಷಿನಲ್ಲಿ ಸೋತು ಸುಣ್ಣವಾಗಿದ್ದವರು. ಇನ್ನೊಂದು ಪರಭಾಷೆ ಎಂದರೆ ಬೆಂಚಿನ ಕೆಳಗೆ ನುಸುಳುವ ಹಾಗಿದ್ದರು. ಒಂದು ದಿನ ಬೋರ್ಡಿನ ಮೇಲೆ ಚೀನೀ ಕುಟುಂಬದ ಚಿತ್ರ ಬರೆದು, ಅಣ್ಣನಿಗೆ ಒಂದು ಪದ, ತಮ್ಮನಿಗೆ ಬೇರೆ ಪದ, ಅಕ್ಕನಿಗೆ ಒಂದು, ತಂಗಿಗೆ ಇನ್ನೊಂದು ಎಂದೆ. ಅಪ್ಪನ ಅಣ್ಣ ಬೋಬೊ, ಅಪ್ಪನ ತಮ್ಮ ಶೂಶು, ಅಮ್ಮನ ಅಣ್ಣ ತಮ್ಮಂದಿರು ಜ್ಯೋಜ್ಯೋ ಎಂದೆ. ಇಡೀ ತರಗತಿ ನೆಟ್ಟಗೆ ಕೂತಿತು.

“ಅಂದ್ರೆ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೇಡಂ,” ಎಂದಳು ಮೂರನೇ ಬೆಂಚಿನ ಒಬ್ಬ ಹುಡುಗಿ. “ಇಂಗ್ಲೀಷ್‌ನಲ್ಲಿ ಎಲ್ಲಾರ್ನೂ ಅಂಕಲ್ ಅಂತ ಒಂದೇ ಗುಂಡಿಗೆ ತಳ್ಬುಡ್ತಾರೆ. ಇವ್ರು ನಮ್ಮಂಗೇ ಸರ್ಯಾಗವ್ರೆ ಬುಡಿ.”

ಅವತ್ತಿನಿಂದ ಈ ಹುಡುಗಿಯನ್ನು ನಾನು ಗಮನಿಸತೊಡಗಿದೆ. ಎರಡನೇ ವರ್ಷದ ಬಿ.ಎ., ಗಟ್ಟಿ ಗಂಟಲು. ಚೀನಿಯಲ್ಲಿ ಒಂದೇ ಪದವನ್ನು ಮೇಲೆತ್ತಿ, ಇಳಿಸಿ, ಬಗ್ಗಿಸಿ, ಚಪ್ಪಟೆ ಮಾಡಿ ನಾಲ್ಕು ರಾಗದಲ್ಲಿ ಹೇಳಬೇಕು. ಬೇರೆಯವರಿಗೆ ಮೂರು ತಿಂಗಳು ಹಿಡಿದದ್ದು ಇವಳಿಗೆ ಒಂದು ಮಧ್ಯಾಹ್ನದಲ್ಲಿ ಬಂತು. ಹೇಗೆ ಎಂದರೆ, “ನಮ್ಮಜ್ಜಿ ಕೋಳಿ ಕರ‍್ಯೋದು ಒಂದ್ ತರ, ಓಡ್ಸೋದು ಒಂದ್ ತರ, ಅದೇ ಮೇಡಂ” ಎಂದಳು. ನನಗೆ ಆ ರಾಗಗಳನ್ನು ಕಲಿಸಲು ಇಬ್ಬರು ಗುರುಗಳು ಎಷ್ಟು ಒದ್ದಾಡಿದ್ದರೋ. ಅವರಿಗೆ ಒಂದು ಹ್ಯಾಟೆ ಕೋಳಿ ಸಾಕಿ ಎಂದು ಕಾಗದ ಬರೆಯಬೇಕೆನಿಸಿತು.

ಹೀಗೆ ಒಂದೊಂದೇ ವಿಷಯದಲ್ಲಿ ಚೀನಾ ಅವರಿಗೆ ಪಕ್ಕದ ತಾಲ್ಲೂಕಿನಂತಾಯಿತು. ಹಳೆಯ ಕಾಲದ ಚೀನೀಯರು ಎದುರಾದವರನ್ನು ‘ಚರ್ ಲ ಮಾ’, ಅಂದರೆ ಊಟ ಆಯ್ತಾ, ಎಂದು ಮಾತಾಡಿಸುತ್ತಾರೆ ಎಂದಾಗ, ಮತ್ತೆ ಇನ್ನೇನು ಕೇಳ್ತಾರೆ ಎಂದು ನನ್ನನ್ನೇ ನೋಡಿದರು. ಒಂದೇ ಕೈಯಲ್ಲಿ ಹತ್ತರವರೆಗೆ ಎಣಿಸುವುದನ್ನು ತೋರಿಸಿದಾಗ, ಸರಗೂರಿನ ಹುಡುಗನೊಬ್ಬ ತನ್ನ ತಾತ ದನದ ಸಂತೆಯಲ್ಲಿ ಟವೆಲಿನ ಒಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದದ್ದನ್ನು ಮಾಡಿ ತೋರಿಸಿದ. ಅವನ ಪಾಠ ನನ್ನ ಪಾಠಕ್ಕಿಂತ ಚೆನ್ನಾಗಿತ್ತು.

ನಡುವೆ ಹೊಗೆಸೊಪ್ಪಿನ ಕಾಲ ಬಂತು. ಸೊಪ್ಪು ಹದಮಾಡುವ ಬ್ಯಾರನ್ನಿಗೆ ಬೆಂಕಿ ಹಾಕುವ ಆ ದಿನಗಳಲ್ಲಿ ನಮ್ಮ ಕಡೆ ಯಾವ ಮನೆಯಲ್ಲೂ ಒಂದು ಕೈ ಬಿಡುವಿರುವುದಿಲ್ಲ. ತರಗತಿಗೆ ಬಂದವರ ಬಟ್ಟೆಯಲ್ಲೂ ಬೆಂದ ಸೊಪ್ಪಿನ ವಾಸನೆ ಇರುತ್ತಿತ್ತು. ಐದು ಜನ ಸೊಪ್ಪು ಕಟ್ಟಲು ಹೋದವರು ಮತ್ತೆ ಬರಲೇ ಇಲ್ಲ. ಹಾಜರಿ ಪಟ್ಟಿಯಲ್ಲಿ ಸರಿಯಾಗಿ ಹದಿನೈದು ಹೆಸರು ಉಳಿದವು. ವರ್ಷವಿಡೀ ಹಾಜರಿ ಇದ್ದವರೇ ಪರೀಕ್ಷೆಗೆ ಕೂರಬೇಕಾದ್ದರಿಂದ ಹೊಸಬರನ್ನು ತಂದು ತುಂಬುವ ಹಾಗೂ ಇರಲಿಲ್ಲ. ನಾನು ದಿನಾ ತರಗತಿಗೆ ಹೋದ ತಕ್ಷಣ ಕೋಳಿಮರಿ ಎಣಿಸುವ ಹಾಗೆ ತಲೆ ಎಣಿಸುತ್ತಿದ್ದೆ. ಚೀನಿಯಲ್ಲೇ ಎಣಿಸುತ್ತಿದ್ದೆ.

ಇಂಥ ಸಮಯದಲ್ಲಿ ನಾನು ಟೀ ಪಾಠ ಮಾಡಿದೆ.

ಟೀ ಎನ್ನುವುದೂ ಚಹಾ ಎನ್ನುವುದೂ ಎರಡೂ ಚೀನಾದಿಂದಲೇ ಬಂದ ಪದಗಳು ಎಂದು ಶುರುಮಾಡಿ, ನಾನಿದ್ದ ದಕ್ಷಿಣದ ಊರಿನ ಒಂದು ಪದ್ಧತಿ ಹೇಳಿದೆ. ಅಲ್ಲಿ ಯಾರಾದರೂ ನಿಮ್ಮ ಬಟ್ಟಲಿಗೆ ಟೀ ಸುರಿದರೆ ಬಾಯಿಬಿಟ್ಟು ಏನೂ ಹೇಳಬೇಕಿಲ್ಲ. ಎರಡು ಬೆರಳು ಬಗ್ಗಿಸಿ ಮೇಜನ್ನು ಮೆಲ್ಲಗೆ ತಟ್ಟಿದರೆ ಸಾಕು, ಅದೇ ಕೃತಜ್ಞತೆ. ಅದಕ್ಕೊಂದು ಕತೆಯೂ ಇದೆ. ಒಬ್ಬ ಚಕ್ರವರ್ತಿ ವೇಷ ಮರೆಸಿಕೊಂಡು ಊರು ಸುತ್ತುವಾಗ ತನ್ನ ಸೇವಕನಿಗೆ ತಾನೇ ಟೀ ಸುರಿದನಂತೆ. ಕಾಲಿಗೆ ಬಿದ್ದರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೆ ಆ ಸೇವಕ ಎರಡು ಬೆರಳನ್ನು ಮೊಣಕಾಲಿನ ಹಾಗೆ ಮಡಿಸಿ ಮೇಜಿನ ಮೇಲೆ ಊರಿದನಂತೆ. ನಿಜವೋ ಸುಳ್ಳೋ, ಕತೆ ಚೆನ್ನಾಗಿದೆ. ಹದಿನೈದು ಜನರೂ ಬೆಂಚಿನ ಮೇಲೆ ಬೆರಳು ಮಡಿಸಿ ತಟ್ಟಿ ಅಭ್ಯಾಸ ಮಾಡಿದರು. ಆ ಸದ್ದಿಗೆ ಪಕ್ಕದ ಕೋಣೆಯ ಅರ್ಥಶಾಸ್ತ್ರದವರು ಬಂದು ಇಣುಕಿ ನೋಡಿ ಹೋದರು. ನನಗೆ ಬಹಳ ಹೆಮ್ಮೆಯಾಯಿತು.

ಇದಾಗಿ ಒಂದು ವಾರಕ್ಕೆ ಮೂರನೇ ಬೆಂಚಿನ ಹುಡುಗಿ ನಾಪತ್ತೆಯಾದಳು. ಒಂದು ದಿನ, ಎರಡು ದಿನ, ಮೂರು ದಿನ. ಬೇರೆ ತರಗತಿಗಳಿಗೆಲ್ಲ ಬರುತ್ತಿದ್ದಳು, ನನ್ನನ್ನು ಕಂಡರೆ ಮಾತ್ರ ಕಂಬದ ಹಿಂದೆ ಸರಿಯುತ್ತಿದ್ದಳು. ಪರೀಕ್ಷೆಗೆ ಎರಡು ವಾರ ಉಳಿದಿತ್ತು. ಅವಳಿಲ್ಲದಿದ್ದರೆ ಹದಿನಾಲ್ಕು. ದೈಹಿಕ ಶಿಕ್ಷಣದ ಮೇಷ್ಟ್ರು ಮತ್ತೆ ಟೇಪು ತಂದರು. ಈ ಸಲ ಕಿಟಕಿಯ ಅಳತೆಯನ್ನೂ ತೆಗೆದುಕೊಂಡರು.

ಅವಳ ಗೆಳತಿಯನ್ನು ಹಿಡಿದು ಕೇಳಿದೆ. ಅವಳು ಕಾಲಬೆರಳಲ್ಲಿ ನೆಲ ಕೆರೆಯುತ್ತಾ, “ಅವ್ರಪ್ಪ ಚೀನಾ ಕ್ಲಾಸು ಬ್ಯಾಡ ಅಂದವ್ರಂತೆ ಮೇಡಂ” ಎಂದಳು.

“ಅವರಪ್ಪ ಎಲ್ಲಿದ್ದಾರೆ?”

“ಎದುರುಗಡೆ ಟೀ ಅಂಗ್ಡಿ ಅವ್ರದೇ ಮೇಡಂ.”

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುವುದು ಸುಳ್ಳಲ್ಲ. ಹೆಣ್ಣುಮಗು ನಾಲ್ಕಕ್ಷರ ಹೆಚ್ಚು ಕಲಿತರೆ ಈ ಗಂಡಸರಿಗೆ ಹೊಟ್ಟೆನೋವು ಎಂದು ಮನಸ್ಸಿನಲ್ಲೇ ಭಾಷಣ ಸಿದ್ಧಮಾಡಿಕೊಂಡು, ಸೆರಗು ಸಿಕ್ಕಿಸಿ ರಸ್ತೆ ದಾಟಿದೆ. ಕಾಲೇಜಿನ ಗೇಟಿನ ಎದುರಿಗೆ ಹೊಂಗೆ ಮರದ ಕೆಳಗಿದೆ ಆ ಅಂಗಡಿ. ಮೂರು ವರ್ಷದಿಂದ ದಿನಾ ಹನ್ನೊಂದು ಗಂಟೆಗೆ ಅಲ್ಲಿಂದ ಸ್ಟಾಫ್ ರೂಮಿಗೆ ಫ್ಲಾಸ್ಕಿನಲ್ಲಿ ಟೀ ಬರುತ್ತದೆ. ಅಟೆಂಡರು ಹೋಗಿ ತರುತ್ತಾರೆ, ನಾವು ಕುಡಿಯುತ್ತೇವೆ. ನಾನು ಒಂದು ದಿನವೂ ಆ ಅಂಗಡಿಗೆ ಹೋಗಿರಲಿಲ್ಲ.

ಒಲೆಯ ಮುಂದೆ ಐವತ್ತರ ಆಸುಪಾಸಿನ ಮನುಷ್ಯ, ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಟವೆಲು. ಗಿರಾಕಿಗಳು ಯಾರೂ ಇರಲಿಲ್ಲ. ನಾನು ನನ್ನ ಪರಿಚಯ ಹೇಳಿ ಭಾಷಣ ಶುರುಮಾಡಿದೆ. ಹೆಣ್ಣುಮಕ್ಕಳ ವಿದ್ಯಾಭ್ಯಾಸ, ಕಾಲ ಎಲ್ಲಿಗೆ ಬಂದಿದೆ, ನಿಮ್ಮ ಮಗಳ ಬುದ್ಧಿವಂತಿಕೆ, ತಂದೆಯಾದವರ ಕರ್ತವ್ಯ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಒಂದು ಲೋಟ ಟೀ ಸುರಿದು ನನ್ನ ಮುಂದಿಟ್ಟರು.

“ಕುಡೀರಿ ಮೇಡಂ, ಆರೋಯ್ತದೆ. ಅವ್ಳು ಬಿ.ಎ. ಮಾಡ್ಲಿ, ಎಂ.ಎ. ಮಾಡ್ಲಿ, ನಾನ್ ಯಾಕೆ ಬ್ಯಾಡ ಅನ್ಲಿ? ಅವ್ಳಿಗೋಸ್ಕರಾನೇ ಅಲ್ವಾ ಈ ಒಲೆ ಮುಂದೆ ನಿಂತಿರೋದು. ಮೂರು ವರ್ಸದಿಂದ ನಮ್ ಟೀ ಕುಡೀತಿದ್ದೀರಿ, ಇವತ್ತು ನಿಮ್ ಮೊಕ ನೋಡ್ದಂಗಾಯ್ತು.”

ನನ್ನ ಭಾಷಣದ ಗಾಳಿ ಅಲ್ಲೇ ಹೋಯಿತು. “ಮತ್ತೆ ನನ್ನ ಕ್ಲಾಸು ಯಾಕೆ ಬೇಡ ಅಂದಿರಿ?”

ಅವರು ನನ್ನ ತಲೆಯ ಹಿಂದಿನ ಗೋಡೆಯನ್ನು ತೋರಿಸಿದರು. ತಿರುಗಿ ನೋಡಿದೆ. ನೀಲಿ ಬಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು: ಮೇಜು ಕುಟ್ಟಿದವರಿಗೆ ಟೀ ಇಲ್ಲ.

ಆಮೇಲೆ ಅವರು ಹೇಳಿದರು. ಮದುವೆಗೆ ಮುಂಚೆ ಎಂಟು ವರ್ಷ ಮೈಸೂರಿನ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದರಂತೆ. ಅಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದವರಿಲ್ಲ. ಮೇಜು ಕುಟ್ಟುವುದು, ಇವರು ಓಡುವುದು. ಸ್ವಂತ ಅಂಗಡಿ ಹಾಕಿದ ದಿನ, ಸಾಮಾನಿನ ಪಟ್ಟಿ ಬರೆಸುವುದಕ್ಕೂ ಮೊದಲು ಗೋಡೆಯ ಮೇಲೆ ಈ ಸಾಲು ಬರೆಸಿದರಂತೆ. ಬಸ್ಸಿಗೆ ಅವಸರವಿರುವವರೂ ಈ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳುತ್ತಾರೆ, ಮೇಜು ಮುಟ್ಟುವುದಿಲ್ಲ.

“ಓದ್ ವಾರ ನಿಮ್ ಉಡುಗ್ರು ಬಂದ್ರು. ಟೀ ಕೊಟ್ಟೆ, ಟಕ್ ಟಕ್ ಅಂತ ಕುಟ್ಟುದ್ರು. ಬೋರ್ಡು ತೋರ್ಸುದೆ, ನಗಾಡುದ್ರು. ಓಗ್ಲಿ, ವಯಸ್ನುಡುಗ್ರು ಅಂತ ಸುಮ್ಕಾದೆ. ಮಾರ್ನೆ ದಿನ ನನ್ ಮಗ್ಳೂ ಅವ್ರ್ ಜೊತೇಲಿ ಬಂದ್ಳು. ಮಗ್ಳು ಬಂದ್ಳು ಅಂತ ಹಾಲು ಜಾಸ್ತಿ ಹಾಕಿ ಮಾಡ್ಕೊಟ್ಟೆ. ಅವ್ಳೂ ಕುಟ್ಟುದ್ಲು ಮೇಡಂ.”

ನಾನು ಲೋಟ ಕೆಳಗಿಟ್ಟೆ. ಅಯ್ಯೋ, ಅದು ಕುಟ್ಟುವುದಲ್ಲ, ಅದು ಕೃತಜ್ಞತೆ ಹೇಳುವ ರೀತಿ ಎಂದು ಚಕ್ರವರ್ತಿಯ ಕತೆಯನ್ನೆಲ್ಲ ಹೇಳಿದೆ. ಬೆರಳು ಮಡಿಸಿ ಮೊಣಕಾಲೂ ಮಾಡಿ ತೋರಿಸಿದೆ. ಅವರು ಪೂರ್ತಿ ಕೇಳಿದರು.

“ಅವ್ಳೂ ಮನೇಲಿ ಇದೇ ಏಳುದ್ಲು. ಥ್ಯಾಂಕ್ಸ್ ಕಣಪ್ಪಾ ಅದು ಅಂತ. ಅದ್ಕೇ ನಂಗೆ ಇನ್ನೂ ಬ್ಯಾಸ್ರ ಆಗಿದ್ದು.”

“ಯಾಕೆ?”

“ಉಡುಗ್ರು ಥ್ಯಾಂಕ್ಸ್ ಏಳ್ಲಿ, ಅವ್ರು ಒರಗಿನೋರು. ಇವ್ಳು ನನ್ ಮಗ್ಳು ಕಣ್ರೀ. ಅಪ್ಪ ಕೊಟ್ಟ ಟೀಗೆ ಯಾರಾದ್ರೂ ಥ್ಯಾಂಕ್ಸ್ ಏಳ್ತಾರಾ? ನಾನೇನ್ ಅವ್ಳಿಗೆ ಒರಗಿನೋನಾ?”

ಇಂಥದೇ ಮಾತನ್ನು ನಾನು ಚೀನಾದಲ್ಲೂ ಕೇಳಿದ್ದೆ. ಅಲ್ಲಿದ್ದಾಗ ನಾನು ಒಂದು ಮನೆಯಲ್ಲಿ ಹಬ್ಬಕ್ಕೆ ನಾಲ್ಕು ದಿನ ಉಳಿದಿದ್ದೆ. ಆ ಮನೆಯ ಅಮ್ಮ ಅನ್ನ ಬಡಿಸಿದಾಗಲೆಲ್ಲ ನಾನು ‘ಶ್ಯೆ ಶ್ಯೆ’ ಎಂದು ಥ್ಯಾಂಕ್ಸ್ ಹೇಳುತ್ತಿದ್ದೆ. ಮೂರನೇ ದಿನ ಆಕೆ ಸೌಟು ಕೆಳಗಿಟ್ಟು, ಹಾಗೆಲ್ಲ ಹೇಳುವುದಾದರೆ ಹೋಟೆಲಿಗೆ ಹೋಗು, ಮನೆಯವಳಾಗಿ ಇರುವುದಾದರೆ ಸುಮ್ಮನೆ ತಿನ್ನು ಎಂದು ಬೈದಿದ್ದಳು. ಅವತ್ತು ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಅಳು ಬಂದಿತ್ತು. ಇಂಥದ್ದನ್ನು ನಾನು ತರಗತಿಯಲ್ಲಿ ಹೇಳಿರಲೇ ಇಲ್ಲ. ಬೆರಳು ತಟ್ಟುವುದು ನೋಡಲು ಚೆಂದ ಎಂದು ಅದನ್ನೊಂದೇ ಹೇಳಿ, ಚಪ್ಪಾಳೆ ಗಿಟ್ಟಿಸಿಕೊಂಡು ಬಂದಿದ್ದೆ.

ಇದೆಲ್ಲವನ್ನೂ ಅವರಿಗೆ ಹೇಳಿದೆ. ಮಿರ್ಲೆಯ ಮಾತಿನಲ್ಲೇ ಹೇಳಿದೆ. ಅವರ ಮುಖ ಮೊದಲ ಸಲ ಸಡಿಲವಾಯಿತು.

“ಅಲ್ಲೂ ಅಂಗೇನಾ?”

“ಅಲ್ಲೂ ಅಂಗೇಯ. ಅಪ್ಪ ಅವ್ವಂಗೆ ಯಾರೂ ಯೋಳಕಿಲ್ಲ.”

ಅವರು ಟವೆಲಿನಿಂದ ಮೇಜು ಒರೆಸಿದರು. ಒರೆಸಿದ ಕಡೆಯೇ ಇನ್ನೊಂದು ಸಲ ಒರೆಸಿದರು. “ಅಂಗಾದ್ರೆ ನೀವು ಅರ್ಧ ಪಾಠ ಏಳ್ಕೊಟ್ಟಿದ್ದೀರಿ ಮೇಡಂ. ಮಿಕ್ಕಿದ್ ಅರ್ಧಾನೂ ಏಳ್ಕೊಡಿ. ನಾಳಿಂದ ಕಳಿಸ್ತೀನಿ.”

ನಾನು ಎದ್ದೆ. ಅಭ್ಯಾಸಬಲದಿಂದ ಕೈ ಮೇಜಿನ ಮೇಲೆ ಹೋಯಿತು, ಗೋಡೆ ನೋಡಿ ವಾಪಸು ಬಂತು. ಅವರು ನಕ್ಕರು. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಎಷ್ಟೋ ಸಲ ಇನ್‌ಸ್ಪೆಕ್ಷನ್ ಆಗಿದೆ, ವರದಿ ಬರೆದಿದ್ದಾರೆ. ನನ್ನ ಪಾಠದ ಬಗ್ಗೆ ಇಷ್ಟು ಸರಿಯಾದ ಮಾತನ್ನು ಯಾರೂ ಹೇಳಿರಲಿಲ್ಲ. ನಾಚಿಕೆಯಾಯಿತು, ಸಂತೋಷವೂ ಆಯಿತು. ರಸ್ತೆ ದಾಟುವಾಗ ಎರಡೂ ಒಟ್ಟಿಗೇ ಇದ್ದವು.

ಮಾರನೇ ದಿನ ಹುಡುಗಿ ಬಂದಳು. ಮೂರನೇ ಬೆಂಚಿನಲ್ಲಿ ಏನೂ ಆಗದವಳ ಹಾಗೆ ಕೂತಳು. ನಾನು ಉಳಿದ ಅರ್ಧ ಪಾಠ ಶುರುಮಾಡಿದೆ. ಅಲ್ಲಿಯೂ ಒಳಗಿನವರಿಗೊಂದು ರೀತಿ, ಹೊರಗಿನವರಿಗೊಂದು ರೀತಿ. ಒಳಗಿನವರಿಗೆ ಕೃತಜ್ಞತೆ ಹೇಳಿದರೆ ಅವರನ್ನು ಹೊರಗೆ ನಿಲ್ಲಿಸಿದ ಹಾಗೆ ಎಂದೆ. ಇದು ಗೊತ್ತಿದ್ದೂ ಹೇಳದೆ ನಾನು ನಿಮಗೆ ತಪ್ಪು ಕಲಿಸಿದೆ ಎಂದೂ ಒಪ್ಪಿಕೊಂಡೆ. ಮೇಷ್ಟರು ತಪ್ಪು ಒಪ್ಪಿಕೊಂಡರೆ ಮಕ್ಕಳಿಗೆ ಎಲ್ಲಿಲ್ಲದ ಉತ್ಸಾಹ ಬರುತ್ತದೆ. ಯಾರು ಒಳಗೆ, ಯಾರು ಹೊರಗೆ ಎಂದು ಅರ್ಧ ಗಂಟೆ ವಾದ ನಡೆಯಿತು.

“ಕಂಡಕ್ಟ್ರು?”

“ಒರಗೆ.”

“ದಿನಾ ಅದೇ ಬಸ್ಸಲ್ಲಿ ಬತ್ತೀನಿ, ಸೀಟು ಇಡಿದಿಟ್ಟಿರ್ತಾರೆ ಕಣ್ಲಾ.”

“ಅಂಗಾದ್ರೆ ಬಾಗ್ಲಲ್ಲಿ ನಿಲ್ಸು.”

“ಮೇಡಂ ಒಳಗೋ ಒರಗೋ?” ಎಂದು ಸರಗೂರಿನವನು ಕೇಳಿದ. ಎಲ್ಲರೂ ನನ್ನ ಮುಖ ನೋಡಿದರು. ಪರೀಕ್ಷೆ ಮುಗಿಯುವವರೆಗೆ ಹೊರಗೆ, ಆಮೇಲೆ ನೀವೇ ತೀರ್ಮಾನ ಮಾಡಿ ಎಂದೆ.

ತರಗತಿ ಮುಗಿದ ಮೇಲೆ ಹುಡುಗಿ ಬಂದು ನಿಂತಳು. “ಮೇಡಂ, ಟೀ ಮಾರ್ತಾರೆ ಅನ್ನೋಕೆ ಏನಂತಾರೆ?”

ಆಗ ನೆನಪಾಯಿತು. ನಮ್ಮ ನಮ್ಮ ಅಪ್ಪಂದಿರ ಕೆಲಸ ಹೇಳುವ ಪಾಠದಲ್ಲಿ ನಾನು ಬೋರ್ಡಿನ ಮೇಲೆ ಒಂದೇ ವಾಕ್ಯ ಬರೆದಿದ್ದೆ: ನನ್ನ ಅಪ್ಪ ರೈತ. ಎಲ್ಲರದೂ ಅದೇ ಇರುತ್ತದೆ ಎಂದುಕೊಂಡಿದ್ದೆ. ಅವಳೂ ಎದ್ದು ನಿಂತು ತನ್ನ ಅಪ್ಪ ರೈತ ಎಂದು ಒಪ್ಪಿಸಿದ್ದಳು. ಇದೂ ಅರ್ಧ ಪಾಠವೇ. ಅವಳ ನೋಟ್ ಪುಸ್ತಕದಲ್ಲಿ ಬರೆದುಕೊಟ್ಟೆ. ‘ವೊ ಬಾಬಾ ಮಾಯ್ ಛಾ.’ ಅವಳು ಅದನ್ನು ಕೋಳಿ ಕರೆಯುವ ರಾಗದಲ್ಲಿ ನಾಲ್ಕು ಸಲ ಹೇಳಿಕೊಳ್ಳುತ್ತಾ ಹೋದಳು.

ಅಂಗಡಿಯಲ್ಲಿ ಹುಡುಗರು ಒಂದು ಉಪಾಯ ಮಾಡಿಕೊಂಡರು. ಬಲಗೈಯ ಎರಡು ಬೆರಳಿನಿಂದ ತಮ್ಮದೇ ಎಡ ಅಂಗೈಯನ್ನು ತಟ್ಟುವುದು. ಮೇಜಿಗೆ ಪೆಟ್ಟಿಲ್ಲ, ಟೀಗೆ ಥ್ಯಾಂಕ್ಸೂ ಆಯಿತು. ಎರಡು ದಿನ ಹೀಗೆ ನಡೆಯಿತು. ಮೂರನೇ ದಿನ ಅಟೆಂಡರು ಫ್ಲಾಸ್ಕಿನ ಜೊತೆ ಸುದ್ದಿಯನ್ನೂ ತಂದರು. ನಾನು ರಸ್ತೆ ದಾಟಿ ಹೋಗಿ ನೋಡಿದೆ. ಗೋಡೆಯ ನೀಲಿ ಸಾಲಿನ ಕೆಳಗೆ ಸೀಮೆಸುಣ್ಣದಲ್ಲಿ ಒಂದು ಹೊಸ ಸಾಲು: ಚೀನಾ ಕ್ಲಾಸಿನವರಿಗೆ ವಿನಾಯಿತಿ.

ಪರೀಕ್ಷೆಯ ದಿನ ಬೆಂಗಳೂರಿನಿಂದ ಪರೀಕ್ಷಕಿ ಬಂದರು. ನನಗಿಂತ ಚಿಕ್ಕವರು, ಚೀನಾದಲ್ಲಿ ಐದಾರು ವರ್ಷ ಇದ್ದವರು, ನಾನಿದ್ದ ದಕ್ಷಿಣದ ಕಡೆಯೇ. ಬಂದವರೇ ನನ್ನನ್ನು ಚೀನಿಯಲ್ಲಿ ಮಾತಾಡಿಸಿದರು. ನನ್ನ ನಾಲಿಗೆ ಒಂದು ನಿಮಿಷ ತೊದಲಿತು. ಆಮೇಲೆ ಬಂತು. ಕುಕ್ಕರಿನ ಸೀಟಿ ಎಣಿಸಿದ್ದು ದಂಡವಾಗಲಿಲ್ಲ. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ನಾವಿಬ್ಬರು ಮಾತಾಡುವುದನ್ನು ಕೇಳಿ, ಏನೂ ಅರ್ಥವಾಗದೆ ಬಹಳ ತೃಪ್ತಿಯಿಂದ ತಲೆಯಾಡಿಸಿದರು. ಹಾಜರಿ ಕರೆದರು. ಹದಿನೈದಕ್ಕೆ ಹದಿನೈದು. ಹೊರಗೆ ಮೈದಾನದಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು ಒಂದು ಚೀಲ ವಾಲಿಬಾಲು ಹಿಡಿದು ನಿಂತಿದ್ದರು. ನಾನು ಕಿಟಕಿಯಿಂದ ಅವರಿಗೆ ಒಂದೇ ಕೈಯಲ್ಲಿ ಹತ್ತು ತೋರಿಸಿದೆ, ಆಮೇಲೆ ಐದು ತೋರಿಸಿದೆ. ಅವರಿಗೆ ತಿಳಿದಂತೆ ಕಾಣಲಿಲ್ಲ.

ಮೌಖಿಕ ಪರೀಕ್ಷೆಗೆ ಒಬ್ಬೊಬ್ಬರಾಗಿ ಒಳಗೆ ಬಂದರು. ನಾನು ಮೂಲೆಯಲ್ಲಿ ಕೂತಿದ್ದೆ. ಕೆಲವರು ತಡವರಿಸಿದರು, ಒಬ್ಬ ಚಿಕ್ಕಪ್ಪನನ್ನು ಚಿಕ್ಕಮ್ಮ ಮಾಡಿದ, ಆದರೂ ಯಾರೂ ಪೂರ್ತಿ ಕೈಚೆಲ್ಲಲಿಲ್ಲ. ಹುಡುಗಿಯ ಸರದಿ ಕೊನೆಗೆ ಬಂತು. ಪರೀಕ್ಷಕಿ ಅವಳ ಊರು ಕೇಳಿದರು, ಮನೆಯಲ್ಲಿ ಯಾರಿದ್ದಾರೆ ಕೇಳಿದರು. ಆಮೇಲೆ, ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರು. ಅವಳು ಬೆನ್ನು ನೆಟ್ಟಗೆ ಮಾಡಿ, ಗೇಟಿನ ಆಚೆಗೂ ಕೇಳುವಷ್ಟು ಗಟ್ಟಿಯಾಗಿ, ‘ವೊ ಬಾಬಾ ಮಾಯ್ ಛಾ’ ಎಂದಳು. ಒಂದು ರಾಗವೂ ತಪ್ಪಲಿಲ್ಲ. ಆ ಹೊತ್ತಿಗೆ ನನಗೆ ಹೊಟ್ಟೆ ತುಂಬಿದಂತಾಯಿತು.

ಅಷ್ಟರಲ್ಲಿ ಟೀ ಬಂತು. ದಿನದ ಹಾಗೆ ಅಟೆಂಡರ ಕೈಯಲ್ಲಿ ಫ್ಲಾಸ್ಕಿನಲ್ಲಿ ಬರಲಿಲ್ಲ. ಹುಡುಗಿಯ ಅಪ್ಪ ತಾವೇ ಬಂದರು. ಇಸ್ತ್ರಿ ಮಾಡಿದ ಅಂಗಿ, ಒಂದು ಕೈಯಲ್ಲಿ ಸ್ಟೀಲು ಕ್ಯಾನು, ಇನ್ನೊಂದು ಕೈಯಲ್ಲಿ ತಂತಿಯ ಸ್ಟ್ಯಾಂಡಿನ ತುಂಬ ಲೋಟ. ಹೊರಗೆ ವರಾಂಡದಲ್ಲಿ ಕಾಯುತ್ತಿದ್ದ ಮಕ್ಕಳಿಗೂ ಕೊಟ್ಟುಕೊಂಡು ಒಳಗೆ ಬಂದರು. ಮಗಳ ಕಡೆ ನೋಡಲಿಲ್ಲ. ಮೊದಲು ಪರೀಕ್ಷಕಿಗೆ ಸುರಿದರು. ಆಕೆ ಕಾಗದ ನೋಡುತ್ತಲೇ, ಅಭ್ಯಾಸವಾದ ಕೈ, ಎರಡು ಬೆರಳು ಬಗ್ಗಿಸಿ ಮೇಜನ್ನು ತಟ್ಟಿದರು.

ಅಂಗಡಿಯವರು ಒಂದು ಕ್ಷಣ ಆ ಬೆರಳುಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಇವ್ರಿಗೂ ವಿನಾಯ್ತಿ ಅಲ್ವಾ ಮೇಡಂ” ಎಂದರು. ಹೌದು ಎಂದೆ. ನನಗೆ ಸುರಿದರು, ನಾನೂ ತಟ್ಟಿದೆ. ಮೂರು ವರ್ಷದ ಟೀಗೆ ಸೇರಿಸಿ ತಟ್ಟಿದೆ. ಹೊರಗೆ ಹದಿನಾಲ್ಕು ಜನ ಕಿಟಕಿಯ ಕಟ್ಟೆಯ ಮೇಲೆ, ಕಂಬದ ಮೇಲೆ, ಅಂಗೈ ಮೇಲೆ ತಟ್ಟುತ್ತಿದ್ದ ಸದ್ದು ಕೇಳುತ್ತಿತ್ತು.

ಕೊನೆಯ ಲೋಟ ಮಗಳಿಗೆ. ಅವಳು ತೆಗೆದುಕೊಂಡಳು. ತಟ್ಟಲಿಲ್ಲ, ಏನೂ ಹೇಳಲಿಲ್ಲ. ಒಂದು ಗುಟುಕು ಕುಡಿದು ಮುಖ ಸೊಟ್ಟ ಮಾಡಿದಳು.

“ಅಪ್ಪ, ಇದ್ರಲ್ಲಿ ಸಕ್ರೆನೇ ಇಲ್ಲ.”

“ಎಲ್ಲಾರ್ಗೂ ಸರ್ಯಾಗದೆ, ನಿಂಗೊಬ್ಳಿಗೆ ಇಲ್ವಾ?”

“ಇಲ್ಲ ಅಂದ್ರೆ ಇಲ್ಲ ಕಣಪ್ಪ. ನೀನೇ ಕುಡ್ದು ನೋಡು.”

ಪರೀಕ್ಷಕಿ ತಲೆಯೆತ್ತಿ ನನ್ನ ಕಡೆ ಬಗ್ಗಿ, ಈ ಹುಡುಗಿ ಮಾತ್ರ ಯಾಕೆ ತಟ್ಟಲಿಲ್ಲ ಎಂದು ಚೀನಿಯಲ್ಲಿ ಮೆಲ್ಲಗೆ ಕೇಳಿದರು. ಅವರು ಅವಳ ಅಪ್ಪ ಎಂದು ನಾನೂ ಚೀನಿಯಲ್ಲೇ ಹೇಳಿದೆ. ಆಕೆ ಓಹೋ ಎಂದು ನಕ್ಕು ಮತ್ತೆ ಕಾಗದಕ್ಕೆ ತಲೆ ಬಗ್ಗಿಸಿದರು.

ಅವರು ಗೊಣಗುತ್ತಾ ಮಗಳ ಕೈಯಿಂದ ಲೋಟ ಕಿತ್ತುಕೊಂಡರು. ಗೊಣಗುತ್ತಿದ್ದ ಬಾಯಿಗೂ ಆ ಮುಖಕ್ಕೂ ಹೊಂದಾಣಿಕೆಯೇ ಇರಲಿಲ್ಲ, ಮುಖ ಅಷ್ಟು ಅರಳಿತ್ತು. ಕ್ಯಾನು, ಲೋಟದ ಸ್ಟ್ಯಾಂಡು ಎಲ್ಲವನ್ನೂ ನಮ್ಮ ಮೇಜಿನ ಮೇಲೆಯೇ ಬಿಟ್ಟು ಮೆಟ್ಟಿಲು ಇಳಿದು ಹೋದರು. ನಾನು ಕಿಟಕಿಯಿಂದ ನೋಡಿದೆ. ಹೊಗೆಸೊಪ್ಪಿನ ಲಾರಿಯೊಂದು ಬರುತ್ತಿತ್ತು. ಅವರು ಒಂದು ಕೈ ಎತ್ತಿ ಅದನ್ನು ನಿಲ್ಲಿಸಿದರು. ಇನ್ನೊಂದು ಕೈಯಲ್ಲಿ ಆ ಒಂದೇ ಲೋಟ ಹಿಡಿದುಕೊಂಡು, ಒಂದು ಚಮಚ ಸಕ್ಕರೆ ಹಾಕಿ ತರಲು ರಸ್ತೆ ದಾಟಿದರು.